ನೀರಿಗೆಷ್ಟು ಹೊತ್ತು

ಮಳೆಗಾಲ ಹಿಂದೆ ಸರಿದು ಚಳಿ ಇನ್ನೂ ಕಾಲಿಡದ ಅಕ್ಟೋಬರ್‌ನಲ್ಲಿ ಶರಾವತಿಯ ಜೊತೆಗೇ ಘಟ್ಟ ಇಳಿದು ಕಡಲು ಮುಟ್ಟಬೇಕೆಂಬುದು ನನ್ನ ಬಹುದಿನದ ಆಸೆಯಾಗಿತ್ತು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಅರಬ್ಬೀ ಸಮುದ್ರ ಸೇರುವ ಈ ನದಿಯ ಹಾದಿ ಸುಮಾರು 128 ಕಿಲೋಮೀಟರ್. ಅಷ್ಟರೊಳಗೇ ಅದು ಕಟ್ಟೆಯಲ್ಲಿ ನಿಲ್ಲುತ್ತದೆ, ಬಂಡೆಯಿಂದ ಧುಮುಕುತ್ತದೆ, ಕಾಡಿನ ಕಣಿವೆಯಲ್ಲಿ ಮರೆಯಾಗುತ್ತದೆ, ಕೊನೆಗೆ ಅಗಲವಾಗಿ ಹರಡಿ ಉಪ್ಪುನೀರಿನಲ್ಲಿ ಬೆರೆಯುತ್ತದೆ. ನನ್ನ ದಾರಿ ಜೋಗದಿಂದ ಹೊನ್ನಾವರಕ್ಕೆ, ಅಲ್ಲಿಂದ ಹೆದ್ದಾರಿ ಹಿಡಿದು ತೆಂಕಣಕ್ಕೆ ಮರವಂತೆ, ಮಲ್ಪೆ. ಚೀಲದಲ್ಲಿ ಒಂದು ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ, ಟ್ರೈಪಾಡ್, ಬಟ್ಟೆಯಲ್ಲಿ ಸುತ್ತಿದ ಕೆಲವು ಕಪ್ಪು ಗಾಜುಗಳು.

ಆ ಗಾಜುಗಳೇ ಎನ್‌ಡಿ (ನ್ಯೂಟ್ರಲ್ ಡೆನ್ಸಿಟಿ) ಫಿಲ್ಟರ್‌ಗಳು. ಲೆನ್ಸಿನ ಮುಂದೆ ತಿರುಗಿಸಿ ಕೂರಿಸಿದರೆ ಅವು ಮಾಡುವುದು ಒಂದೇ ಕೆಲಸ: ಒಳಗೆ ಹೋಗುವ ಬೆಳಕನ್ನು ತಗ್ಗಿಸುವುದು. ಕೆಂಪು, ಹಸಿರು, ನೀಲಿ ಎಂಬ ಭೇದವಿಲ್ಲದೆ ಎಲ್ಲ ಬಣ್ಣವನ್ನೂ ಸಮನಾಗಿ ತಗ್ಗಿಸಬೇಕೆಂಬುದು ಅವುಗಳ ನಿಯಮ. ನಲ್ಲಿಯನ್ನು ಸಣ್ಣಗೆ ಬಿಟ್ಟರೆ ಅದೇ ಕೊಡ ತುಂಬಲು ಹೆಚ್ಚು ಹೊತ್ತು ಬೇಕು. ಬೆಳಕು ಕಡಿಮೆಯಾದಷ್ಟೂ ಶಟರ್ ಹೆಚ್ಚು ಹೊತ್ತು ತೆರೆದಿರಬೇಕು. ಬೆಳಕು ಒಮ್ಮೆ ಅರ್ಧವಾಗುವುದಕ್ಕೆ ಫೋಟೋಗ್ರಾಫರುಗಳು ಒಂದು ಸ್ಟಾಪ್ ಎನ್ನುತ್ತಾರೆ. ಮೂರು ಸ್ಟಾಪಿನ ಎನ್‌ಡಿ8 ಬೆಳಕಿನ ಎಂಟರಲ್ಲೊಂದು ಪಾಲನ್ನು ಬಿಡುತ್ತದೆ, ಆರು ಸ್ಟಾಪಿನ ಎನ್‌ಡಿ64 ಅರವತ್ತನಾಲ್ಕರಲ್ಲೊಂದನ್ನು. ಹತ್ತು ಸ್ಟಾಪಿನ ಎನ್‌ಡಿ1000 ಸಾವಿರದಲ್ಲಿ ಒಂದೇ ಒಂದು ಪಾಲನ್ನು. ಈ ಮೂರೂ ನನ್ನ ಬಳಿ ಇದ್ದವು. ಯಾವ ನೀರಿಗೆ ಯಾವುದು ಎಂಬ ಪ್ರಶ್ನೆಯನ್ನು ಈ ದಾರಿ ನನ್ನ ಮುಂದೆ ಮತ್ತೆ ಮತ್ತೆ ಇಟ್ಟಿತು.

ಜೋಗದಲ್ಲಿ ಬೆಳಗಿನ ಹೊತ್ತು ಕಣಿವೆ ತುಂಬ ಮಂಜು. ಸದ್ದು ಮಾತ್ರ ಇತ್ತು. ಕಂಬಿಯ ಬಳಿ ನಿಂತವರೆಲ್ಲ ಬಿಳಿ ಗೋಡೆಯನ್ನೇ ನೋಡುತ್ತಿದ್ದರು. ಎಂಟರ ಸುಮಾರಿಗೆ ಮಂಜು ಮೇಲೆದ್ದು ಜಲಪಾತದ ನಾಲ್ಕು ಧಾರೆಗಳು, ಮೊದಲು ರಾಜಾ, ಆಮೇಲೆ ರೋರರ್, ರಾಕೆಟ್, ರಾಣಿ ಒಂದೊಂದಾಗಿ ಕಾಣಿಸಿಕೊಂಡವು. ಆ ವರ್ಷ ಮಳೆ ಚೆನ್ನಾಗಿದ್ದುದರಿಂದ ನಾಲ್ಕರಲ್ಲೂ ನೀರಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದಂದಿನಿಂದ ಇಲ್ಲಿ ಎಷ್ಟು ನೀರು ಬೀಳಬೇಕೆಂಬುದು ಮಳೆಯೊಂದರ ಕೈಯಲ್ಲಿಲ್ಲ. ನದಿಯ ಬಹುಪಾಲು ನೀರು 1035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರದ ಕಡೆಗೆ ತಿರುಗುತ್ತದೆ. ನಾಡಿಗೆ ದೀಪ ಕೊಟ್ಟು ಮಿಕ್ಕದ್ದು ಜೋಗ. ಹಾಗಾಗಿ ಇಲ್ಲಿ ನೀರು ಕಂಡ ದಿನ ಅದನ್ನು ಹಗುರವಾಗಿ ತೆಗೆದುಕೊಳ್ಳಲು ಮನಸ್ಸು ಒಪ್ಪುವುದಿಲ್ಲ.

ರಾಜಾ 253 ಮೀಟರ್ ಎತ್ತರದಿಂದ ಎಲ್ಲೂ ತಡೆಯದೆ ಬೀಳುತ್ತದೆ. ಗಾಳಿಯ ತಡೆ ಇಲ್ಲವೆಂದು ಲೆಕ್ಕ ಹಾಕಿದರೆ ಒಂದು ಹನಿ ತಳ ಮುಟ್ಟಲು ಏಳು ಸೆಕೆಂಡಿಗೆ ಸ್ವಲ್ಪ ಹೆಚ್ಚು ಬೇಕು. ಗಾಳಿ ಇರುವುದರಿಂದ ಇನ್ನೂ ನಿಧಾನ. ನೀವೇ ಕಣ್ಣಿಟ್ಟು ನೋಡಬಹುದು: ಅಂಚಿನಲ್ಲಿ ಒಂದು ಬಿಳಿ ಮುದ್ದೆ ಕಳಚಿಕೊಳ್ಳುತ್ತದೆ, ನಡುದಾರಿಯಲ್ಲಿ ಒಡೆದು ಎಳೆಯಾಗುತ್ತದೆ, ಕೆಳಗೆ ಬರುವಷ್ಟರಲ್ಲಿ ತುಂತುರಾಗಿ ಗಾಳಿಗೆ ಓಲುತ್ತದೆ. ಪಕ್ಕದ ರೋರರ್ ಕಲ್ಲಿಗೆ ಬಡಿದು ಓರೆಯಾಗಿ ನುಗ್ಗುತ್ತದೆ. ರಾಕೆಟ್ ಚಿಮ್ಮಿ ಚಿಮ್ಮಿ ಹೊರಗೆ ಹಾರುತ್ತದೆ. ರಾಣಿ ಬಂಡೆಯ ಮೈ ಬಿಡದೆ ನೊರೆ ನೊರೆಯಾಗಿ ಇಳಿಯುತ್ತದೆ. ಒಂದೇ ಹೊಳೆಗೆ ನಾಲ್ಕು ನಡಿಗೆ.

ಮೋಡದ ಬೆಳಕು. ಐಎಸ್‌ಒ 100, ಅಪರ್ಚರ್ ಎಫ್/8, ಫಿಲ್ಟರಿಲ್ಲದೆ ಶಟರ್ 1/60 ಸೆಕೆಂಡು ತೋರಿಸುತ್ತಿತ್ತು. ಮೂರು ಸ್ಟಾಪಿನದನ್ನು ಹಾಕಿದರೆ 1/8 ಸೆಕೆಂಡು, ಆರರದ್ದಕ್ಕೆ ಒಂದು ಸೆಕೆಂಡು, ಹತ್ತರದ್ದಕ್ಕೆ ಹದಿನಾರು. ಮೂರನ್ನೂ ಸಾಲಾಗಿ ತೆಗೆದೆ. ಅಪರ್ಚರನ್ನೇ ಎಫ್/22ಕ್ಕೆ ಇಳಿಸಿ ಬೆಳಕು ತಗ್ಗಿಸಬಹುದಲ್ಲ ಎಂದು ಕೇಳುವವರುಂಟು. ಅಷ್ಟು ಸಣ್ಣ ಕಿಂಡಿಯಲ್ಲಿ ಬೆಳಕು ಬಾಗಿ ಹರಡುತ್ತದೆ, ಚಿತ್ರದ ಚೂಪು ಹೋಗುತ್ತದೆ. ಎದುರಿನ ಬಂಡೆಯ ಸೀಳುಗಳೆಲ್ಲ ಮಸುಕಾಗುತ್ತವೆ. ಕಿಂಡಿಯನ್ನು ಅದಕ್ಕೊಪ್ಪುವ ಅಳತೆಯಲ್ಲೇ ಇಟ್ಟು ಬೆಳಕನ್ನು ಹೊರಗೇ ತಡೆಯುವುದು ಗಾಜಿನ ಉಪಕಾರ.

ಹದಿನಾರು ಸೆಕೆಂಡಿನ ಚಿತ್ರ ಪರದೆಯಲ್ಲಿ ಮೂಡಿದಾಗ ಪಕ್ಕದಲ್ಲಿ ನಿಂತಿದ್ದ ಅಜ್ಜರೊಬ್ಬರು ಬಗ್ಗಿ ನೋಡಿದರು. ಧಾರವಾಡದ ಕಡೆಯವರಿರಬೇಕು, ಬಿಳಿ ಧೋತರ, ಹೆಗಲ ಮೇಲೆ ಟವೆಲ್ಲು.

"ತಮ್ಮಾ, ನೀರು ಹೊಗಿ ಆಗೇತಲ್ಲ ಇದರಾಗ. ಬೀಳಾಕತ್ತಿದ್ದು ಕಾಣವಲ್ದು."

"ಶಟರ್ ಭಾಳ ಹೊತ್ತು ತೆರೆದಿಟ್ಟಿದ್ದೆ ಅಜ್ಜಾ, ಅದಕ್ಕ ಹಂಗ," ಎಂದು 1/8ರ ಚಿತ್ರ ತೋರಿಸಿದೆ. ಅದರಲ್ಲಿ ರಾಕೆಟ್ಟಿನ ಚಿಮ್ಮುಗಳು ಬಿಡಿ ಬಿಡಿಯಾಗಿದ್ದವು, ರಾಜಾನ ಮೈಮೇಲೆ ಉದ್ದುದ್ದ ಎಳೆಗಳಿದ್ದವು.

"ಹಾಂ, ಇದು ಬಿತ್ತು ನೋಡು," ಎಂದರು.

ಆ ಮಾತಿಗಿಂತ ಖಚಿತವಾದ ವಿಮರ್ಶೆಯನ್ನು ನಾನು ಯಾವ ಕೈಪಿಡಿಯಲ್ಲೂ ಓದಿಲ್ಲ. ಹದಿನಾರು ಸೆಕೆಂಡಿನಲ್ಲಿ ನಾಲ್ಕೂ ಧಾರೆಗಳು ಒಂದೇ ಬಗೆಯ ಬಿಳಿ ಪಟ್ಟಿಗಳಾಗಿದ್ದವು. ರಾಕೆಟ್ಟಿಗೂ ರಾಣಿಗೂ ವ್ಯತ್ಯಾಸವೇ ಉಳಿದಿರಲಿಲ್ಲ. ರಾಣಿಗೆ ಒಂದು ಸೆಕೆಂಡು ಒಪ್ಪುತ್ತಿತ್ತು. ನೊರೆ ನಯವಾಗಿ ಬಂಡೆಯ ಉಬ್ಬುತಗ್ಗು ತೋರಿಸುತ್ತಿತ್ತು. ರಾಕೆಟ್ಟಿಗೆ 1/8ಕ್ಕಿಂತ ಹೆಚ್ಚು ಕೊಟ್ಟರೆ ಅದು ರಾಕೆಟ್ ಆಗಿ ಉಳಿಯುವುದಿಲ್ಲ. ಹೊತ್ತನ್ನು ಗಾಜು ತೀರ್ಮಾನಿಸಬಾರದು, ನೀರಿನ ನಡೆ ತೀರ್ಮಾನಿಸಬೇಕು.

ಜೋಗದಿಂದ ಹೊನ್ನಾವರಕ್ಕೆ ಇಳಿಯುವ ಘಟ್ಟದ ರಸ್ತೆಯಲ್ಲಿ ಕ್ಯಾಮೆರಾ ಚೀಲದಲ್ಲೇ ಇತ್ತು. ಸಿಂಗಳೀಕಗಳ ಕಾಡು ಅದು. ತಿರುವು ತಿರುವಿಗೂ ಹಸಿರು ದಟ್ಟವಾಗುತ್ತ ಹೋಗುತ್ತದೆ. ಗೇರುಸೊಪ್ಪೆ ದಾಟಿದ ಮೇಲೆ ಅಡಿಕೆ ತೋಟದ ಜೊತೆಗೆ ತೆಂಗು ಸೇರಿಕೊಂಡು, ಗಾಳಿಯಲ್ಲಿ ಉಪ್ಪಿನ ವಾಸನೆ ಬರುತ್ತದೆ. ಹೊನ್ನಾವರದ ಸೇತುವೆಯ ಮೇಲೆ ನಿಂತಾಗ ಬೆಳಿಗ್ಗೆ ಅಷ್ಟು ಅಬ್ಬರಿಸಿದ ನದಿ ಅಲುಗಾಡದಷ್ಟು ಸಾವಧಾನವಾಗಿ ಹರಡಿಕೊಂಡಿತ್ತು. ಅಲ್ಲಿ ಫಿಲ್ಟರ್ ಹಾಕುವ ಅಗತ್ಯವೇ ಬೀಳಲಿಲ್ಲ. ನೀರು ತಾನೇ ನಿಧಾನವಾಗಿದ್ದಲ್ಲಿ ನಾವು ಅದನ್ನು ನಿಧಾನಗೊಳಿಸಬೇಕಾಗಿಲ್ಲ.

ಮರವಂತೆ ತಲುಪುವಾಗ ಸಂಜೆ. ಹೆದ್ದಾರಿಯ ಒಂದು ಪಕ್ಕ ಸೌಪರ್ಣಿಕಾ ನದಿ, ಇನ್ನೊಂದು ಪಕ್ಕ ಕಡಲು, ನಡುವೆ ಲಾರಿ ಬಸ್ಸುಗಳ ಓಡಾಟ. ಕಡಲ್ಕೊರೆತ ತಡೆಯಲು ದಂಡೆಗೆ ಸುರಿದ ಬಂಡೆಗಳ ಸಂದಿಯಲ್ಲಿ ಟ್ರೈಪಾಡಿನ ಕಾಲೂರಿದೆ. ಬೆಳಕು ಮಾಗಿದ ಹೊತ್ತಾದ್ದರಿಂದ ಆರು ಸ್ಟಾಪಿನ ಗಾಜೇ ಸಾಕಿತ್ತು.

ಕಡಲಿನಲ್ಲಿ ಹೊತ್ತಿನ ಲೆಕ್ಕ ಬೇರೆ. ಜಲಪಾತ ಒಂದೇ ದಿಕ್ಕಿಗೆ ಓಡುತ್ತದೆ. ಅಲೆ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಒಂದು ದೊಡ್ಡ ಅಲೆಗೂ ಮುಂದಿನದಕ್ಕೂ ನಡುವೆ ಹತ್ತು ಸೆಕೆಂಡಿನ ಆಸುಪಾಸು ಬಿಡುವಿತ್ತು. ಆ ಬಿಡುವಿಗಿಂತ ತುಂಬ ಕಡಿಮೆ ಹೊತ್ತು ಕೊಟ್ಟರೆ ಒಂದು ಅಲೆಯ ಗುಣ ಉಳಿಯುತ್ತದೆ. ನೀರು ಬಂಡೆಗಳ ನಡುವಿನಿಂದ ಹಿಂದಕ್ಕೆ ಜಾರುವಾಗ ಅರ್ಧ ಸೆಕೆಂಡು ತೆರೆದರೆ ನೊರೆಯ ಒಂದೊಂದು ಗುಳ್ಳೆಯೂ ಒಂದೊಂದು ಗೆರೆ ಎಳೆಯುತ್ತದೆ. ಗೆರೆಗಳೆಲ್ಲ ಕಡಲಿನತ್ತ ಮುಖ ಮಾಡಿರುತ್ತವೆ. ಬಿಡುವಿನ ಮೂರು ಪಟ್ಟು ಕೊಟ್ಟರೆ ಮೂರು ಅಲೆಗಳು ಒಂದರ ಮೇಲೊಂದು ಬಿದ್ದು ಸಮತಟ್ಟಾಗುತ್ತವೆ, ಬಂಡೆಯ ಬುಡದಲ್ಲಿ ಮಂಜು ಕೂತಂತೆ ಕಾಣುತ್ತದೆ. ಮೊದಲನೆಯದು ಅಲೆಯ ಚಿತ್ರ. ಎರಡನೆಯದು ಕಡಲಿನ ಸರಾಸರಿ.

ಆಕಾಶದ ಪಾಡು ಇನ್ನೊಂದು. ಕಡಲಿಗೆ ಸರಿಹೋಗುವಷ್ಟು ಬೆಳಕು ಬಿಟ್ಟರೆ ಆಕಾಶ ಬಿಳಿಚಿಕೊಳ್ಳುತ್ತದೆ, ಆಕಾಶಕ್ಕೆ ಸರಿಮಾಡಿದರೆ ಕಡಲು ಕಪ್ಪಾಗುತ್ತದೆ. ಮೇಲರ್ಧ ಮಾತ್ರ ಕಪ್ಪಿರುವ ಗ್ರಾಜುಯೇಟೆಡ್ ಎನ್‌ಡಿ ಗಾಜು ಇದಕ್ಕೆಂದೇ ಇದೆ. ಮರವಂತೆಯ ದಿಗಂತ ಗೆರೆ ಎಳೆದಷ್ಟು ನೇರ, ಕಪ್ಪು ಥಟ್ಟನೆ ನಿಲ್ಲುವ ಗಾಜು ಇಲ್ಲಿ ಹೊಂದುತ್ತದೆ. ಜೋಗದಂಥ ಕಣಿವೆಯಲ್ಲಿ ಅದನ್ನಿಟ್ಟರೆ ಗುಡ್ಡದ ತಲೆಯೇ ಕಪ್ಪಾಗಿಬಿಡುತ್ತದೆ. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1856–57ರಲ್ಲಿ ಕಡಲಿನ ಚಿತ್ರ ತೆಗೆಯುವಾಗ ಇದೇ ಇಕ್ಕಟ್ಟನ್ನು ಎದುರಿಸಿದ್ದ. ಅವನು ಕೆಲವು ಚಿತ್ರಗಳಲ್ಲಿ ಆಕಾಶಕ್ಕೊಂದು, ನೀರಿಗೊಂದು ನೆಗೆಟಿವ್ ಮಾಡಿ ಎರಡನ್ನೂ ಒಂದೇ ಕಾಗದದ ಮೇಲೆ ಮುದ್ರಿಸಿದ. ಉಳಿದವರಿಗೆ ಕಡಲು ನಿಲ್ಲದೇ ಇದ್ದ ಕಾಲದಲ್ಲಿ ಅಲೆಯನ್ನು ಹಿಡಿದು ನಿಲ್ಲಿಸಿ ಜನರನ್ನು ಬೆರಗುಗೊಳಿಸಿದವನು ಅವನು. ಅಂದು ಕಷ್ಟಪಟ್ಟು ಗಳಿಸಿದ ವೇಗವನ್ನು ಇಂದು ನಾವು ಕಪ್ಪು ಗಾಜು ಹಾಕಿ ಬೇಕೆಂದೇ ಬಿಟ್ಟುಕೊಡುತ್ತೇವೆ. ಹಾಗೆ ಬಿಟ್ಟುಕೊಡುವಾಗ ಪಡೆಯುವುದೇನು ಎಂಬುದು ಮನಸ್ಸಿನಲ್ಲಿ ಸ್ಪಷ್ಟವಿರಬೇಕು.

ಅದು ನನಗೆ ಸ್ಪಷ್ಟವಾದದ್ದು ಮಲ್ಪೆಯಾಚೆಯ ಸೇಂಟ್ ಮೇರಿಸ್ ದ್ವೀಪದಲ್ಲಿ. ಮಳೆಗಾಲದಲ್ಲಿ ಅಲ್ಲಿಗೆ ಬೋಟಿಲ್ಲ. ಕಡಲು ತಣ್ಣಗಾದ ಮೇಲೆ ಶುರುವಾಗುತ್ತದೆ. ರಾತ್ರಿ ತಂಗುವಂತಿಲ್ಲ, ಹಗಲು ಹೋಗಿ ಹಗಲೇ ಮರಳಬೇಕು. ಫೋಟೋಗ್ರಾಫರುಗಳು ಹಂಬಲಿಸುವ ಮುಂಜಾವಿನ ಬೆಳಕೂ ಮುಸ್ಸಂಜೆಯ ಬೆಳಕೂ ಅಲ್ಲಿ ಸಿಗುವುದಿಲ್ಲ. ಸಿಗುವುದು ನೆತ್ತಿಯ ಬಿಸಿಲು. ಆ ಬಿಸಿಲಿನಲ್ಲಿ ನೀರಿಗೆ ಹೊತ್ತು ಕೊಡಬೇಕೆಂದರೆ ಕಪ್ಪು ಗಾಜೊಂದೇ ದಾರಿ.

ಬೋಟಿನಲ್ಲಿ ಗಾಜು ಒರೆಸುತ್ತ ಕೂತಿದ್ದಾಗ ಬೋಟಿನವರು ಕೇಳಿದರು: "ಎಂತ ಮಾರಾಯ್ರೆ, ಇಷ್ಟು ಕಪ್ಪು ಗ್ಲಾಸು ಹಾಕಿದ್ರೆ ಕ್ಯಾಮೆರಾದಲ್ಲಿ ಕಾಣುದು ಹೇಗೆ?"

"ಕಾಣುದಿಲ್ಲ ಅಣ್ಣ. ಮೊದಲೇ ಎಲ್ಲ ನೋಡಿ ಇಡ್ಬೇಕು, ಆಮೇಲೆ ಗ್ಲಾಸು ಹಾಕ್ಬೇಕು."

ಕ್ರಮ ಅದೇ. ಬರಿಯ ಲೆನ್ಸಿನಲ್ಲಿ ಚೌಕಟ್ಟು ಕಟ್ಟಬೇಕು, ಫೋಕಸ್ ಮಾಡಬೇಕು, ಆಟೋಫೋಕಸ್ಸನ್ನು ನಿಲ್ಲಿಸಬೇಕು. ಇಲ್ಲದಿದ್ದರೆ ಕತ್ತಲಲ್ಲಿ ಲೆನ್ಸು ಹುಡುಕಾಡುತ್ತದೆ. ಫಿಲ್ಟರಿಲ್ಲದೆ ಬೆಳಕಿನ ಅಳತೆ ತೆಗೆದು, ಲೆಕ್ಕ ಹಾಕಿ, ಆಮೇಲೆ ಗಾಜನ್ನು ಅಲುಗದಂತೆ ತಿರುಗಿಸಿ ಕೂರಿಸಬೇಕು. ಡಿಎಸ್‌ಎಲ್‌ಆರ್ ಆದರೆ ಹಿಂದಿನ ಕಣ್ಣುಕಿಂಡಿಯನ್ನೂ ಮುಚ್ಚಬೇಕು, ಅಲ್ಲಿಂದ ನುಸುಳುವ ಬಿಸಿಲು ಚಿತ್ರವನ್ನು ಕೆಡಿಸುತ್ತದೆ. ಶಟರ್ ಒತ್ತುವುದು ಕೇಬಲ್ಲಿನಿಂದ. ಮೂವತ್ತು ಸೆಕೆಂಡು ಮೀರಿದರೆ, ಒತ್ತಿದಷ್ಟು ಹೊತ್ತೂ ಶಟರ್ ತೆರೆದಿರುವ ಬಲ್ಬ್ ಮೋಡಿನಲ್ಲಿ ಗಡಿಯಾರ ನೋಡಿಕೊಂಡು.

ದ್ವೀಪದ ಕಂಬಗಲ್ಲುಗಳನ್ನು ಹತ್ತಿರದಿಂದ ನೋಡಬೇಕು. ಐದು, ಆರು, ಏಳು ಮುಖದ ಕಲ್ಲುಗಳು, ಒಂದಕ್ಕೊಂದು ಸಂದಿಲ್ಲದೆ ಜೋಡಿಸಿದಂತೆ ನಿಂತಿವೆ. ಕೆಲವು ಆಳೆತ್ತರ ಮೀರುತ್ತವೆ, ಕೆಲವು ನೀರಿನ ಮಟ್ಟದಲ್ಲೇ ತುಂಡಾಗಿ ನೆಲಹಾಸಿನಂತಿವೆ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ಇದು. ಆರುತ್ತ ಆರುತ್ತ ಕುಗ್ಗಿ, ಮೇಲಿನಿಂದ ಕೆಳಗಿನವರೆಗೆ ಬಿರುಕು ಬಿಟ್ಟು ಕಂಬಗಳಾಯಿತು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂಬ ಫಲಕ ಅಲ್ಲಿದೆ. ಬುಡದಲ್ಲಿ ಮರಳಿಗಿಂತ ಚಿಪ್ಪುಗಳೇ ಹೆಚ್ಚು. ಟ್ರೈಪಾಡಿನ ಕಾಲು ಚುರುಚುರು ಸದ್ದು ಮಾಡುತ್ತ ಇಳಿಯುತ್ತದೆ, ಗಟ್ಟಿ ಕಲ್ಲು ಸಿಗುವವರೆಗೆ ಒತ್ತಬೇಕು. ಅಪಾಯದ ಬಂಡೆಗಳತ್ತ ಯಾರಾದರೂ ಹೆಜ್ಜೆ ಇಟ್ಟರೆ ಜೀವರಕ್ಷಕರ ಸೀಟಿ ಕೇಳುತ್ತದೆ. ಅವರು ಬಿಟ್ಟ ಜಾಗದಲ್ಲೇ ನಾನು ನಿಂತೆ.

ಐಎಸ್‌ಒ 100, ಎಫ್/11, 1/250 ಸೆಕೆಂಡು. ಹತ್ತು ಸ್ಟಾಪಿನ ಗಾಜು ಹಾಕಿದರೂ ನಾಲ್ಕೇ ಸೆಕೆಂಡು. ಅದರ ಮೇಲೆ ಮೂರು ಸ್ಟಾಪಿನದನ್ನೂ ಕೂರಿಸಿದಾಗ ಮೂವತ್ತೆರಡು ಸೆಕೆಂಡಾಯಿತು. ಎರಡು ಗಾಜು ಸೇರಿದರೆ ಮೂಲೆಗಳು ಕಪ್ಪಾಗುವುದುಂಟು. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಕೆಲವು ಗಾಜುಗಳು ಸಾಕಷ್ಟು ತಡೆಯುವುದಿಲ್ಲ, ಆಗ ಕಪ್ಪು ಬಣ್ಣ ಕಂದಿಗೆ ತಿರುಗುತ್ತದೆ. ಇವನ್ನು ಆಮೇಲೆ ತಕ್ಕಮಟ್ಟಿಗೆ ಸರಿಪಡಿಸಿಕೊಳ್ಳಬಹುದು. ಚಿತ್ರ ಮುಗಿದ ಮೇಲೆ ಕ್ಯಾಮೆರಾ ಇನ್ನೂ ಮೂವತ್ತೆರಡು ಸೆಕೆಂಡು ಶಟರ್ ಮುಚ್ಚಿಕೊಂಡು ಕತ್ತಲಿನ ಚಿತ್ರ ತೆಗೆಯುತ್ತದೆ; ಸೆನ್ಸರಿನಲ್ಲಿ ಹುಟ್ಟಿದ ಚುಕ್ಕೆಗಳನ್ನು ಗುರುತಿಸಿ ಮೊದಲ ಚಿತ್ರದಿಂದ ಕಳೆಯಲು. ಹೀಗೆ ಒಂದು ಚಿತ್ರಕ್ಕೆ ಒಂದು ನಿಮಿಷಕ್ಕೂ ಮೇಲೆ. ಆ ನಿಮಿಷದಲ್ಲಿ ಕಣ್ಣಿಗೆ ಬೇರೆ ಕೆಲಸವಿಲ್ಲ. ಕಂಬದ ಸಂದಿಗೆ ನೀರು ಹೇಗೆ ಏರುತ್ತದೆ, ಯಾವ ಬಿರುಕಿನಿಂದ ಮೊದಲು ಇಳಿಯುತ್ತದೆ, ಯಾವ ಕಲ್ಲಿನ ತಲೆ ಮಾತ್ರ ನೆನೆಯದೆ ಉಳಿಯುತ್ತದೆ, ಎಲ್ಲ ನೋಡಿದೆ. ಆ ಬಂಡೆಗಳನ್ನು ಅಷ್ಟು ಹೊತ್ತು ನೋಡುವಂತೆ ನನ್ನನ್ನು ನಿಲ್ಲಿಸಿದ್ದು ಆ ಗಾಜು.

ಶಾಲೆಯ ಪ್ರವಾಸಕ್ಕೆ ಬಂದಿದ್ದ ಹುಡುಗನೊಬ್ಬ ಫಿಲ್ಟರನ್ನು ಕೈಗೆತ್ತಿಕೊಂಡು, "ಅಂಕಲ್, ಇದ್ರಲ್ಲಿ ಸೂರ್ಯನ್ನ ನೋಡ್ಬಹುದಾ?" ಎಂದು ಆಗಲೇ ಮುಖ ಮೇಲೆತ್ತಿದ್ದ. "ಬೇಡ ಮರೀ, ಕೊಡಿಲ್ಲಿ," ಎಂದು ತಕ್ಷಣ ತೆಗೆದುಕೊಂಡು ಅವನಿಗೂ ಅವನ ಗೆಳೆಯರಿಗೂ ಕಾರಣ ಹೇಳಿದೆ. ಇದು ಸಾವಿರದಲ್ಲೊಂದು ಪಾಲು ಬೆಳಕು ಬಿಡುತ್ತದೆ. ಗ್ರಹಣ ನೋಡುವ ಕನ್ನಡಕ ಬಿಡುವುದು ಸಾಮಾನ್ಯವಾಗಿ ಲಕ್ಷದಲ್ಲೊಂದು ಪಾಲು ಅಥವಾ ಅದಕ್ಕೂ ಕಡಿಮೆ. ಕಪ್ಪು ಗಾಜಿನಲ್ಲಿ ಸೂರ್ಯ ಹಿತವಾಗಿ ಕಂಡರೂ ಕಣ್ಣಿನ ಪರದೆ ಸುಡುತ್ತದೆ, ಸುಡುವಾಗ ನೋವೂ ತಿಳಿಯುವುದಿಲ್ಲ. ಈ ಗಾಜು ಇಟ್ಟುಕೊಂಡವರೆಲ್ಲ ಮಕ್ಕಳಿಗೆ ಈ ಮಾತು ಹೇಳಬೇಕು.

ಮೂವತ್ತೆರಡು ಸೆಕೆಂಡಿನ ಚಿತ್ರದಲ್ಲಿ ಕಡಲು ಸಪಾಟಾಗಿ, ಕಂಬಗಲ್ಲುಗಳು ಒಂದೊಂದಾಗಿ ಎದ್ದು ನಿಂತಿದ್ದವು. ಅಲೆಯ ಹೊಳಪು ಕಣ್ಣನ್ನು ಸೆಳೆಯದ ಕಾರಣ ಕಲ್ಲಿನ ಮುಖಗಳು, ಅಂಚುಗಳು, ಬಿರುಕುಗಳು ಓದಿಸಿಕೊಳ್ಳುತ್ತಿದ್ದವು. ಇಲ್ಲಿ ದೀರ್ಘ ಹೊತ್ತು ಸತ್ಯವನ್ನೇ ಹೇಳಿತ್ತು: ಕೋಟಿಗಟ್ಟಲೆ ವರ್ಷ ನಿಂತದ್ದು ನಿಂತಂತೆ, ಬಂದು ಹೋಗುವುದು ಬಂದು ಹೋಗುವಂತೆ. ಚೌಕಟ್ಟಿನೊಳಗೆ ಅಡ್ಡಾಡಿದ ಹತ್ತಾರು ಪ್ರವಾಸಿಗಳ ಗುರುತೇ ಇರಲಿಲ್ಲ. ಸೆಲ್ಫಿಗೆಂದು ಅಲುಗದೆ ನಿಂತಿದ್ದ ಜೋಡಿಯೊಂದು ಮಾತ್ರ ಹಿಂದಿನ ಕಲ್ಲು ಕಾಣುವಷ್ಟು ತೆಳುವಾಗಿ ಉಳಿದಿತ್ತು.

ಮರುದಿನ ಬೆಳಿಗ್ಗೆ ಮಲ್ಪೆ ಪಕ್ಕದ ಪಡುಕೆರೆ ದಂಡೆಗೆ ಹೋದಾಗ ಮೀನುಗಾರರು ಕೈರಂಪಣಿ ಬಲೆ ಎಳೆಯುತ್ತಿದ್ದರು. ದೋಣಿಯೊಂದು ಬಲೆಯನ್ನು ಕಡಲಿನಲ್ಲಿ ಅರ್ಧ ಸುತ್ತು ಬಿಟ್ಟು ದಂಡೆಗೆ ಮರಳಿತ್ತು. ಬಲೆಯ ಎರಡು ತುದಿಯ ಹಗ್ಗಕ್ಕೆ ಎರಡು ಗುಂಪು. ಹಿಮ್ಮಡಿಯನ್ನು ಮರಳಿನಲ್ಲಿ ಹೂತು, ಮೈಯೆಲ್ಲ ಹಿಂದಕ್ಕೆ ವಾಲಿಸಿ ಎಳೆಯುತ್ತಾರೆ. ಕೊನೆಯಲ್ಲಿದ್ದವನು ಹಗ್ಗ ಬಿಟ್ಟು ಓಡಿ ನೀರಿನ ಅಂಚಿಗೆ ಹೋಗಿ ಮತ್ತೆ ಹಿಡಿಯುತ್ತಾನೆ. ಎರಡು ಗುಂಪುಗಳೂ ಎಳೆಯುತ್ತ ಎಳೆಯುತ್ತ ಹತ್ತಿರವಾಗುತ್ತವೆ. ಬುಟ್ಟಿ ಇಟ್ಟುಕೊಂಡು ಹೆಂಗಸರು ಕಾಯುತ್ತಾರೆ.

ಅಲ್ಲೂ ಮೊದಲು ಹತ್ತು ಸ್ಟಾಪಿನ ಗಾಜು ಹಾಕಿ ಮೂವತ್ತು ಸೆಕೆಂಡು ಕೊಟ್ಟೆ. ಚಿತ್ರದಲ್ಲಿ ನುಣುಪಾದ ಕಡಲಿತ್ತು, ಬುಟ್ಟಿಗಳಿದ್ದವು, ದಂಡೆಗೆ ಬಂದಿದ್ದ ಹಗ್ಗದ ಸುರುಳಿ ಇತ್ತು. ಎಳೆಯುವವರು ಯಾರೂ ಇರಲಿಲ್ಲ. ನೋಡಿದವರು ನಿರ್ಜನ ತೀರ ಎಂದುಕೊಳ್ಳುತ್ತಾರೆ.

ಇದು ಹೊಸತೇನಲ್ಲ. 1838ರಲ್ಲಿ, ಛಾಯಾಗ್ರಹಣವನ್ನು ಮೊದಲು ರೂಪಿಸಿದವರಲ್ಲೊಬ್ಬನಾದ ದಗೇರ್ ಪ್ಯಾರಿಸಿನಲ್ಲಿ ತನ್ನ ಕಿಟಕಿಯಿಂದ ಕೆಳಗಿನ ಬೀದಿಯ ಚಿತ್ರ ತೆಗೆದ. ಆಗಿನ ತಟ್ಟೆಗಳಿಗೆ ಹಲವು ನಿಮಿಷ ಬೆಳಕು ಬೇಕಿತ್ತು. ಜನ, ಗಾಡಿ, ಕುದುರೆಗಳಿಂದ ತುಂಬಿರುತ್ತಿದ್ದ ಆ ಬೀದಿ ಚಿತ್ರದಲ್ಲಿ ಖಾಲಿ. ಉಳಿದದ್ದು ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತ ಒಂದೇ ಕಡೆ ನಿಂತಿದ್ದ ವ್ಯಕ್ತಿ, ಅವನ ಕಾಲ ಬಳಿ ಮಸುಕಾಗಿ ಪಾಲಿಶ್ ಹಾಕುವವನು. ದೀರ್ಘ ಹೊತ್ತಿನ ಚಿತ್ರ ಅಂದಿನಿಂದ ಇಂದಿನವರೆಗೂ ನಿಂತವರ ಪಕ್ಷ. ದುಡಿಯುವವರು ಅಲುಗುತ್ತಾರೆ, ಅಲುಗುವವರು ಅಳಿಸಿಹೋಗುತ್ತಾರೆ. ದಗೇರನಿಗೆ ಬೇರೆ ದಾರಿ ಇರಲಿಲ್ಲ. ನಮಗಿದೆ.

ಹತ್ತರದ್ದನ್ನು ತೆಗೆದು ಮೂರರದ್ದನ್ನು ಹಾಕಿದೆ. ಕಾಲು ಸೆಕೆಂಡು. ಮರಳಿನಲ್ಲಿ ಊರಿದ ಪಾದಗಳು ಚೂಪಾಗಿ ಬಂದವು, ಮೀನಖಂಡದ ಬಿಗಿತವೂ ಬಂತು. ತೋಳು, ಹಗ್ಗ ಎರಡೂ ಒಂದೇ ದಿಕ್ಕಿಗೆ ಸವರಿದಂತೆ ಓಡಿದವು, ಅವರ ಹಿಂದೆ ಅಲೆ ಎಳೆ ಎಳೆಯಾಗಿ ದಂಡೆಗೆ ಬರುತ್ತಿತ್ತು. ಬಲೆ ಮೇಲೆ ಬಂದು, ಬೂತಾಯಿ ಮೀನು ಬುಟ್ಟಿಗೆ ಬಿದ್ದು ಎಲ್ಲರೂ ಸುಧಾರಿಸಿಕೊಳ್ಳುವಾಗ ಚಿತ್ರ ತೋರಿಸಿದೆ. ಗುಂಪಿನ ಹಿರಿಯರು ಕಣ್ಣು ಕಿರಿದು ಮಾಡಿ, "ಇದ್ರಲ್ಲಿ ಭಾರ ಕಾಣ್ತದೆ," ಎಂದರು.

ನಮ್ಮ ಕರಾವಳಿಯ ಚಿತ್ರಗಳು ಈಗ ಹೆಚ್ಚು ಹೆಚ್ಚು ಖಾಲಿಯಾಗುತ್ತಿವೆ. ಹಾಲಿನಂಥ ಕಡಲು, ಒಂಟಿ ಬಂಡೆ, ಕೆಂಪು ಆಕಾಶ. ಒಂದೆರಡು ನೋಡಲು ಚಂದ. ಆದರೆ ಮಲ್ಪೆ ರಾಜ್ಯದ ದೊಡ್ಡ ಮೀನುಗಾರಿಕೆ ಬಂದರುಗಳಲ್ಲೊಂದು. ಅದು ಖಾಲಿ ಇರುವ ಊರಲ್ಲ. ಐವತ್ತು ವರ್ಷದ ನಂತರ ಯಾರಾದರೂ ಈ ದಂಡೆಯಲ್ಲಿ ಯಾರು ಬದುಕುತ್ತಿದ್ದರು, ಹೇಗೆ ದುಡಿಯುತ್ತಿದ್ದರು ಎಂದು ಹುಡುಕಿದರೆ ನಮ್ಮ ಚಿತ್ರಗಳಲ್ಲಿ ಉತ್ತರ ಸಿಗಬೇಕು. ಬದುಕಿನುದ್ದಕ್ಕೂ ಸಾಮಾನ್ಯ ಜನರನ್ನು ಚಿತ್ರಿಸಿದ ಟಿ.ಎಸ್. ಸತ್ಯನ್ ಅವರಂಥ ಛಾಯಾಗ್ರಾಹಕರ ನಾಡಿನಲ್ಲಿ ಜನರೇ ಇಲ್ಲದ ಚಿತ್ರಗಳು ಮಾತ್ರ ಉಳಿಯುವಂತಾಗಬಾರದು.

ಕಪ್ಪು ಗಾಜನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಕಂಬಗಲ್ಲುಗಳ ಚಿತ್ರ ಅದಿಲ್ಲದೆ ಆಗುತ್ತಿರಲಿಲ್ಲ. ಹೊಸದಾಗಿ ಕೊಳ್ಳುವವರಿಗೆ ನನ್ನ ಸಲಹೆ ಇದು: ಮೊದಲು ಮೂರು ಸ್ಟಾಪಿನದನ್ನು ಕೊಳ್ಳಿ, ಹತ್ತರದ್ದು ಆಮೇಲೆ ಬರಲಿ. ಯಾವ ಜಾಗಕ್ಕೆ ಹೋದರೂ ಗಾಜು ಹಾಕದೆ ಒಂದು ಚಿತ್ರ ತೆಗೆದುಕೊಳ್ಳಿ, ಅಲ್ಲಿದ್ದವರೆಲ್ಲ ಅದರಲ್ಲಿರಲಿ. ಆಮೇಲೆ ಚೌಕಟ್ಟಿನೊಳಗೆ ಏನು ನಿಂತಿದೆ, ಏನು ಚಲಿಸುತ್ತಿದೆ, ಚಲಿಸುವವರಲ್ಲಿ ಯಾರನ್ನು ಕಳೆದುಕೊಳ್ಳಬಾರದು ಎಂದು ನೋಡಿ. ಕಲ್ಲೊಂದೇ ಇದ್ದರೆ ನಿಮಿಷವನ್ನೇ ಕೊಡಿ. ಮನುಷ್ಯನಿದ್ದರೆ ಅವನು ಉಳಿಯುವಷ್ಟೇ ಹೊತ್ತು ಕೊಡಿ.